ಧರಣಿ ಯಾಕೆ ಕೇಳಲಿಲ್ಲ

ಹಾಸನದ ಸಾಲಗಾಮೆ ರಸ್ತೆಯ ಟ್ಯೂಷನ್ ಸೆಂಟರಿನ ಮೆಟ್ಟಿಲು ಹತ್ತುತ್ತಿದ್ದಾಗ ಕವನಾಳ ಫೋನಿಗೆ ಆತ್ರೇಯನ ಮೆಸೇಜು ಬಂತು. ‘ಅಪ್ಪಾನೂ ಜೊತೆಗೆ ಬರ್ತಿದಾರೆ. ಬೇಡ ಅನ್ನೋಕಾಗಲಿಲ್ಲ. ಪ್ಲೀಸ್, ಇವತ್ತೊಂದಿನ ಗೊತ್ತಿಲ್ಲದವರ ಥರ ಇದ್ಬಿಡು.’

ಅವಳು ಅಲ್ಲೇ ನಿಂತಳು. ಇಳಿದು ಬಸ್ ಸ್ಟ್ಯಾಂಡಿಗೆ ಹೋಗಿಬಿಡಲೇ ಎಂದುಕೊಳ್ಳುವಷ್ಟರಲ್ಲಿ ಸೆಂಟರಿನ ಯಜಮಾನ ಅಭಿಷೇಕ್ ಮೇಲಿಂದ ಬಗ್ಗಿ ನೋಡಿದ.

“ಬನ್ನಿ ಮೇಡಂ, ನಿಮ್ಗೇ ಕಾಯ್ತಿದ್ವಿ. ನೀವಿಲ್ದೆ ಜಗಳ ಶುರು ಮಾಡೋದೆಂಗೆ?”

ಹತ್ತಲೇಬೇಕಾಯಿತು.

ಜಗಳ ‘ನಿನ್ನೆಯ ಬಾಗಿಲು’ ಧಾರಾವಾಹಿಯದು. ಹಿಂದಿನ ಭಾನುವಾರ ಅದರ ಕೊನೆಯ ಕಂತು ಬಂದಿತ್ತು. ಅಂದಿನಿಂದ ಹಾಸನ ಜಿಲ್ಲೆಯ ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ಯಾರಿಗೂ ನಿದ್ದೆಯಿಲ್ಲ. ಕಡೆಗೆ ಅಭಿಷೇಕನೇ, ಬೈದಾಡುವುದಿದ್ದರೆ ಮುಖ ನೋಡಿಕೊಂಡು ಬೈದಾಡೋಣ ಎಂದು ಎಲ್ಲರನ್ನೂ ತನ್ನ ಸೆಂಟರಿಗೆ ಕರೆದಿದ್ದ.

ಇದೇ ಗ್ರೂಪಿನಲ್ಲಿ ವಾದಕ್ಕಿಳಿದೇ ಕವನಾ ಆತ್ರೇಯನನ್ನು ಮೆಚ್ಚಿದ್ದಳು. ಅವಳು ಹೊಳೆನರಸೀಪುರದ ಹತ್ತಿರದ ಹಳೇಕೋಟೆಯವಳು, ಅರಕಲಗೂಡಿನ ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಲೆಕ್ಚರರ್. ಅವನು ಅದೇ ಊರಿನ ಬ್ಯಾಂಕಿನಲ್ಲಿದ್ದ, ಮನೆ ರುದ್ರಪಟ್ಟಣದಲ್ಲಿ. ಎರಡು ಊರುಗಳ ನಡುವೆ ಬಸ್ಸುಂಟು. ಎರಡು ಮನೆಗಳ ನಡುವೆ ಇದ್ದದ್ದು ಜಾತಿ. ಅವಳ ಅಪ್ಪ ಬೈರಯ್ಯ ಹೊಲಗೇರಿಯಲ್ಲಿ ಹುಟ್ಟಿ ಬೌದ್ಧನಾದವನು. ಅವನ ಅಪ್ಪ ಚೂಡಾಮಣಿಯವರು ಸಂಸ್ಕೃತದ ಮೇಷ್ಟರಾಗಿ ನಿವೃತ್ತರಾದವರು, ದಿನಾ ಬೆಳಗ್ಗೆ ತಂಬೂರಿ ಹಿಡಿದು ಹಾಡುವವರು, ಮಗನ ಜೊತೆ ಕೂತು ಈ ಧಾರಾವಾಹಿಯನ್ನೂ ತಪ್ಪದೆ ನೋಡುವವರು. ಹೋದ ತಿಂಗಳು ಆತ್ರೇಯ ಧೈರ್ಯ ಮಾಡಿ ಅವರೆದುರು ವಿಷಯ ಎತ್ತಿದ್ದ. ಯಾವ ಊರು, ಯಾವ ಜನ, ಏನು ಕೆಲಸ ಎಂದು ಅವನು ಹೇಳುವವರೆಗೂ ಸುಮ್ಮನೆ ಕೇಳಿದವರು, “ಹೆಸರು ಮಾತ್ರ ಹೇಳಬೇಡ. ಕೇಳಿಬಿಟ್ರೆ ಮನಸ್ಸಲ್ಲಿ ಉಳಿದುಬಿಡತ್ತೆ,” ಎಂದು ಎದ್ದು ಹೋಗಿದ್ದರಂತೆ.

ಕವನಾ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಅಪ್ಪ ಮಗ ಒಳಗೆ ಬಂದರು. ಬಿಳಿ ಪಂಚೆ, ಇಸ್ತ್ರಿ ಮಾಡಿದ ಜುಬ್ಬಾ. ಫೋಟೋದಲ್ಲಿ ಕಂಡದ್ದಕ್ಕಿಂತ ಕುಳ್ಳಗಿದ್ದರು. ಆತ್ರೇಯ ಅವಳನ್ನು ದಾಟಿಕೊಂಡೇ ಹೋದ. ಅವನ ಕಣ್ಣು ಅವಳ ಮೇಲೆ ಬಿದ್ದು, ಒಂದಿಷ್ಟೂ ತಡೆಯದೆ, ಗೋಡೆಯ ಕಡೆ ಸರಿಯಿತು. ನಟನೆ ಎಂದು ಗೊತ್ತಿದ್ದರೂ ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಇಷ್ಟು ಚೆನ್ನಾಗಿ ಹೇಗೆ ಬರುತ್ತೆ ಇವನಿಗೆ?

ಅಭಿಷೇಕ್ ಬೋರ್ಡಿನ ಮುಂದೆ ನಿಂತು ಕೊನೆಯ ಕಂತನ್ನು ಇನ್ನೊಮ್ಮೆ ಹೇಳಿದ. ಅಣೆಕಟ್ಟಿನ ಇಂಜಿನಿಯರ್ ಧರಣಿ. ಅವಳ ಗಂಡ ವಿಶಾಲ್, ಅವಳಿಗೋಸ್ಕರವೇ ಅಲ್ಲಿ ಕೆಲಸಕ್ಕೆ ಸೇರಿದವನು, ಗೇಟಿನ ಸರಪಳಿ ಹರಿದು ಸಾಯುತ್ತಾನೆ. ಅಣೆಕಟ್ಟಿನ ಸುರಂಗದಲ್ಲಿರುವ ಬಾಗಿಲಿನಿಂದ ಧರಣಿ ಹಿಂದಿನ ಕಾಲಕ್ಕೆ ಹೋಗಿ, ತಾನೂ ವಿಶಾಲನೂ ಮೊದಲು ಭೇಟಿಯಾದ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಚಿಕ್ಕ ವಯಸ್ಸಿನ ತನ್ನನ್ನೇ ಬೇರೆ ಬಸ್ಸು ಹತ್ತಿಸಿ ಕಳಿಸುತ್ತಾಳೆ. ಭೇಟಿ ತಪ್ಪುತ್ತದೆ. ವಾಪಸ್ ಬಂದು ನೋಡಿದರೆ ವಿಶಾಲ್ ಬದುಕಿದ್ದಾನೆ, ಹೆಗಲ ಮೇಲೆ ಯಾರದೋ ಮಗುವನ್ನು ಕೂರಿಸಿಕೊಂಡು ಸಂತೆಯಲ್ಲಿ ಎದುರಾಗುತ್ತಾನೆ, ಅವಳ ಗುರುತು ಸಿಗದೆ ಮುಂದೆ ಹೋಗುತ್ತಾನೆ. ಅವನ ಮನೆಯ ಒಲೆಯಲ್ಲಿ ಸುಟ್ಟುಕೊಂಡ ಕಲೆ ಮಾತ್ರ ಅವಳ ಅಂಗೈಯಲ್ಲಿ ಹಾಗೇ ಇದೆ. ಅಲ್ಲಿಗೆ ಮುಗಿಯಿತು.

“ಬುಡುಬುಡಿಕೆ ಕಥೆ,” ಎಂದಳು ಚನ್ನರಾಯಪಟ್ಟಣದಿಂದ ಬಂದಿದ್ದ ದಿವ್ಯಾ. “ಅವರು ಭೇಟಿನೇ ಆಗ್ಲಿಲ್ಲ ಅಂದ್ರೆ ಅವ್ನು ಸಾಯಲ್ಲ. ಸಾಯ್ದೆ ಇದ್ರೆ ಇವ್ಳು ಹಿಂದಕ್ಕೆ ಯಾಕೆ ಹೋಗ್ತಾಳೆ? ಹೋಗ್ದೆ ಇದ್ರೆ ಭೇಟಿ ತಪ್ಪಿಸಿದ್ಯಾರು? ಗಾಣದೆತ್ತಿನ ಥರ ಸುತ್ತಿದ್ದೇ ಸುತ್ತು!”

“ಅಂಗಲ್ಲ ಕಣ್ರೀ...” ಎಂದ ಅಭಿಷೇಕ್.

“ಅಂಗೇ ಕಣ್ರೀ! ಕೈ ಮೇಲಿನ ಕಲೆ ಬೇರೆ. ಮೇಕಪ್‌ನೋನು ಅಳ್ಸೋದು ಮರ್ತಿದಾನೆ.”

ನಗು, ಕೂಗಾಟ. ಕವನಾ ತುಟಿ ಬಿಚ್ಚಲಿಲ್ಲ. ಬಿಚ್ಚಬಾರದು ಎಂದೇ ನಿಶ್ಚಯಿಸಿದ್ದಳು. ಆಗ ಹಿಂದಿನ ಸಾಲಿನಿಂದ ಚೂಡಾಮಣಿಯವರು ಗಂಟಲು ಸರಿಮಾಡಿಕೊಂಡರು.

“ನಾನೊಂದು ಮಾತು ಹೇಳಬಹುದೇ? ಹಾಡುವಾಗ ಅಪಸ್ವರ ಬಿತ್ತು ಅಂತಿಟ್ಕೊಳ್ಳಿ. ಹಿಂದಕ್ಕೆ ಹೋಗಿ ತಿದ್ದೋಕಾಗಲ್ಲ. ಆದರೆ ಪಲ್ಲವಿಗೆ ಬಂದು ಹೊಸದಾಗಿ ಎತ್ಕೋಬಹುದು. ಧರಣಿ ಪಲ್ಲವಿಗೆ ಬಂದಳು, ಅಷ್ಟೆ. ಅದರಲ್ಲಿ ತಪ್ಪೇನಿದೆ?”

ಸಭೆ ತಲೆದೂಗಿತು. ಆತ್ರೇಯನೂ ತಲೆಯಾಡಿಸಿದ. ಅದನ್ನು ನೋಡಿದ್ದೇ ಕವನಾಳಿಗೆ ತಡೆಯಲಾಗಲಿಲ್ಲ.

“ಪಲ್ಲವಿಗೆ ಬಂದರೂ ಕೇಳಿದವರ ಕಿವಿಯಲ್ಲಿ ಅಪಸ್ವರ ಉಳಿದೇ ಇರುತ್ತಲ್ವಾ ಸರ್?”

ಚೂಡಾಮಣಿಯವರು ಕುತ್ತಿಗೆ ಚಾಚಿ, ಮಾತಾಡಿದವರು ಯಾರೆಂದು ನೋಡಿದರು. ಅವಳು ಎದ್ದು ಹೋಗಿ ಬೋರ್ಡಿನ ಮೇಲೆ ಒಂದು ಗೆರೆ ಎಳೆದಳು, ಅದರಿಂದ ಕವಲೊಡೆದು ಹೋಗುವ ಇನ್ನೊಂದು ಗೆರೆ ಎಳೆದಳು.

“ಕಲೆ ಮೇಕಪ್ಪಿನ ತಪ್ಪಲ್ಲ. ಮೊದಲನೇ ಗೆರೆ ಅಳಿಸಿಹೋಗಿದ್ರೆ ಕಲೆನೂ ಹೋಗ್ಬೇಕಿತ್ತು. ಹೋಗಿಲ್ಲ. ಅಂದ್ರೆ ಆ ಬದುಕು ಅಲ್ಲೇ ಇದೆ, ಅವಳು ಹೊಸ ಗೆರೆಗೆ ದಾಟಿದಾಳೆ. ದಿವ್ಯಾ ಹೇಳಿದ ಸುತ್ತು ಬರೋದೇ ಇಲ್ಲ. ಹಿಂದಕ್ಕೆ ಹೋದವಳು ಮೊದಲನೇ ಗೆರೆಯ ಧರಣಿ. ಭೇಟಿ ತಪ್ಪಿದ್ದು ಎರಡನೇ ಗೆರೆಯ ಧರಣಿಗೆ.”

“ಅಯ್ಯೋ ಹೌದಲ್ವಾ!” ಎಂದಳು ದಿವ್ಯಾ.

“ಹಾಗಾದ್ರೆ ಮೊದಲನೇದರಲ್ಲಿ ಆ ಹುಡುಗ ಸತ್ತೇ ಇದಾನೆ,” ಎಂದರು ಚೂಡಾಮಣಿ.

“ಇದಾನೆ ಸರ್. ಅವನನ್ನ ಅವಳು ಉಳಿಸಲಿಲ್ಲ. ಬಿಟ್ಟು ಬಂದಳು.”

“ಇರಲಿ. ಎರಡನೇದರಲ್ಲಿ ಬದುಕಿದಾನಲ್ಲ?” ಅವರು ಮುಂದಿನ ಬೆಂಚಿಗೇ ಬಂದು ಕೂತರು. ಮುಖದಲ್ಲಿ ಒಳ್ಳೆಯ ಶಿಷ್ಯೆ ಸಿಕ್ಕಿದ ಮೇಷ್ಟರ ಹುರುಪು. “ಕೆಲವು ಭೇಟಿಗಳು ಇಬ್ಬರಿಗೂ ಕೇಡು ತರತ್ತಮ್ಮಾ. ಅವರಿಗೆ ಮಾತ್ರ ಅಲ್ಲ, ಸುತ್ತ ಇರೋರಿಗೂ. ಅಂಥದ್ದು ಆಗದೇ ಹೋದರೆ ಎಲ್ಲರಿಗೂ ಕ್ಷೇಮ. ತನಗೆ ದುಃಖವಾದರೂ ಅವಳು ಅದನ್ನ ತಪ್ಪಿಸಿದಳಲ್ಲ, ಅದು ದೊಡ್ಡತನ.”

ಕವನಾ ಕೈಯಲ್ಲಿದ್ದ ಮಾರ್ಕರ್ ಪೆನ್ನಿಗೆ ಮುಚ್ಚಳ ಹಾಕಿದಳು. ಇವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ, ಆದರೆ ಮಗ ಹೇಳಿದ ಹುಡುಗಿ ತಾನೇ ಎಂದು ಇವರಿಗೆ ಗೊತ್ತಿಲ್ಲ. ಗೊತ್ತಿರುವವನು ನೆಲ ನೋಡುತ್ತಾ ಕೂತಿದ್ದಾನೆ.

“ಅವನನ್ನ ಕೇಳಿದ್ಲಾ ಸರ್?”

“ಏನು?”

“ನಾನು ನಿನ್ನ ಜೊತೆ ಇದ್ರೆ ನಿನಗೆ ಕೇಡಾಗುತ್ತೆ, ಏನ್ಮಾಡೋಣ ಅಂತ. ಬಾಗಿಲು ಇತ್ತಲ್ಲ, ಅವನು ಸಾಯೋ ಹಿಂದಿನ ದಿನಕ್ಕೆ ಹೋಗಿ ಕೇಳಬಹುದಿತ್ತು. ಅಣೆಕಟ್ಟಿಗೆ ಹೋಗಬೇಡ ಅಂತ ಅಂದರೂ ಸಾಕಿತ್ತು. ಯಾಕೆ ಕೇಳಲಿಲ್ಲ? ಭೇಟಿಯಾದವರು ಇಬ್ಬರು. ಅದನ್ನ ಇಲ್ಲದ ಹಾಗೆ ಮಾಡೋಕೆ ಮಾತ್ರ ಒಬ್ಬರೇ ತೀರ್ಮಾನ ಮಾಡಿದ್ರೆ ಸಾಕಾ? ನನಗದು ದೊಡ್ಡತನ ಅನ್ಸಲ್ಲ. ಹೆದರಿಕೆ ಅನ್ಸುತ್ತೆ.”

ಕೊನೆಯ ಮಾತನ್ನು ಅವಳು ಆತ್ರೇಯನನ್ನು ನೋಡಿಕೊಂಡೇ ಆಡಿದಳು. ಅವನು ತಲೆಯೆತ್ತಲಿಲ್ಲ.

ಚೂಡಾಮಣಿಯವರು ಬೋರ್ಡಿನ ಗೆರೆಗಳನ್ನು ಇನ್ನೊಮ್ಮೆ ನೋಡಿ, ಮನಸ್ಸು ಬಿಚ್ಚಿ ನಕ್ಕರು. “ಸೋತೆ ಕಣಮ್ಮಾ. ಒಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೆ, ಇದು ಹೊಳೆದೇ ಇರಲಿಲ್ಲ. ಯಾವ ಊರು ನಿಮ್ಮದು?”

ಹೊಳೆನರಸೀಪುರ ಎಂದಷ್ಟೇ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಬಂದಿತ್ತು.

“ಹಳೇಕೋಟೆ ಸರ್.”

“ಹಳೇಕೋಟೆ...” ನಗು ಇನ್ನೂ ತುಟಿಯ ಮೇಲಿತ್ತು. “ಕೆಲಸ?”

“ಅರಕಲಗೂಡಲ್ಲಿ. ಪಿಯು ಕಾಲೇಜಲ್ಲಿ ಫಿಸಿಕ್ಸ್ ಹೇಳಿಕೊಡ್ತೀನಿ.”

ನಗು ನಿಂತಿತು. ಅವರು ನಿಧಾನಕ್ಕೆ ತಿರುಗಿ ಮಗನನ್ನು ನೋಡಿದರು. ಆತ್ರೇಯನ ಮುಖ ಬಿಳಿಚಿಕೊಂಡಿತ್ತು. ಅದಕ್ಕಿಂತ ಹೆಚ್ಚಿಗೆ ಯಾರೂ ಹೇಳಬೇಕಾಗಿರಲಿಲ್ಲ. ಏನೋ ಆಗಬಾರದ್ದು ಆಗುತ್ತಿದೆ ಎಂದು ಅಭಿಷೇಕನಿಗೂ ಗೊತ್ತಾಯಿತು.

“ನಿಮ್ಮ ಹೆಸರು?” ಎಂದರು ಚೂಡಾಮಣಿ.

“ಕವನಾ.”

ಅವರು ಆ ಹೆಸರನ್ನು ಮತ್ತೆ ಆಡಲಿಲ್ಲ. ಬೆಂಚಿನ ಅಂಚು ಹಿಡಿದು ಎದ್ದರು. “ಈಗ ಸೋತೆ ಅಂದೆನಲ್ಲ, ಅದು ಸುಳ್ಳಲ್ಲಮ್ಮಾ. ಕಥೇಲಿ ನೀವು ಹೇಳಿದ್ದೇ ಸರಿ. ಮನೇಲಿ ಒಪ್ಪೋದು ನನ್ನ ಕೈಲಾಗಲ್ಲ.”

“ನೀವು ಒಪ್ಪಲೇಬೇಕು ಅಂತ ನಾನು ಯಾವತ್ತೂ ಅಂದಿಲ್ಲ ಸರ್,” ಎಂದಳು ಕವನಾ.

“ಆತ್ರೇಯ, ನಡಿ.”

ಆತ್ರೇಯ ಎದ್ದ. ಅಪ್ಪನ ಹಿಂದೆ ನಡೆದ. ಬಾಗಿಲು ದಾಟಿದ. ಮೆಟ್ಟಿಲ ಮೇಲೆ ಇಬ್ಬರ ಚಪ್ಪಲಿ ಸದ್ದೂ ಇಳಿಯುತ್ತಾ ಹೋಗಿ ರಸ್ತೆಯ ಗದ್ದಲದಲ್ಲಿ ಸೇರಿಹೋಯಿತು.

ದಿವ್ಯಾ ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ನಿಂತಳು. ಕವನಾಳಿಗೆ ಅಳು ಬರಲಿಲ್ಲ. ಸಿಟ್ಟು ಬಂತು, ಆ ಮುದುಕರ ಮೇಲಲ್ಲ, ಆತ್ರೇಯನ ಮೇಲೆ. ಎದುರಿಗೆ ನಿಂತು ಆಗಲ್ಲ ಎಂದವರ ಮೇಲೆ ಸಿಟ್ಟು ಮಾಡುವುದು ಸುಲಭವಿರಲಿಲ್ಲ. ಅವಳು ಬ್ಯಾಗು ಎತ್ತಿಕೊಂಡು ಹೊರಟಳು.

ಮೆಟ್ಟಿಲ ತಿರುವಿನಲ್ಲಿ ಆತ್ರೇಯ ಏದುಸಿರು ಬಿಡುತ್ತಾ ಮೇಲೆ ಬರುತ್ತಿದ್ದ.

“ಅಪ್ಪನ್ನ ಆಟೋ ಹತ್ತಿಸಿದೆ. ನಾನು ಬರಲ್ಲ ಅಂದೆ.”

“ಏನಂದ್ರು?”

“ಏನೂ ಅನ್ನಲಿಲ್ಲ. ಆಟೋದವನಿಗೆ ಹೊರಡಪ್ಪಾ ಅಂದ್ರು.” ಅವನು ಇನ್ನೆರಡು ಮೆಟ್ಟಿಲು ಹತ್ತಿ ಬಂದ. “ಕವನಾ, ಆ ಮೆಸೇಜು...”

“ಗೊತ್ತಿಲ್ಲದವಳ ಥರ ಇರು ಅಂದೆ. ಇದ್ದೆ. ನೀನು ನನ್ನ ದಾಟ್ಕೊಂಡು ಹೋದ್ಯಲ್ಲ, ಆಗ ನನಗೆ ಹೇಗಾಯ್ತು ಅಂತ ಒಂದು ಸಲನಾದ್ರೂ ಯೋಚಿಸಿದ್ಯಾ?”

“ಇಲ್ಲ,” ಎಂದ ಅವನು. “ಅಪ್ಪಂಗೆ ಗೊತ್ತಾಗಬಾರದು ಅನ್ನೋದೊಂದೇ ತಲೇಲಿತ್ತು.”

ಬೇರೇನಾದರೂ ಸಬೂಬು ಹೇಳಿದ್ದರೆ ಅವಳು ಅಲ್ಲಿಂದಲೇ ಹೊರಟುಬಿಡುತ್ತಿದ್ದಳೇನೋ. “ನಾನೀಗ ಊರಿಗೆ ಹೋಗ್ತಿದೀನಿ,” ಎಂದಳು. “ಬರೋದಿದ್ರೆ ಬಾ. ನಮ್ಮಪ್ಪನ ಹತ್ರ ನೀನೇ ಮಾತಾಡು. ಇವತ್ತೇ.”

ಒಂದು ಗಳಿಗೆ ಅವನು ರಸ್ತೆಯ ಕಡೆ ನೋಡಿದ. ಆಮೇಲೆ, “ನಡಿ,” ಎಂದ.

ಬಸ್ಸಿನಲ್ಲಿ ಅವಳು ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೆಟ್ ತೆಗೆದುಕೊಂಡಳು, ಅವನು ತನ್ನದನ್ನು ಕೊಂಡು ಹಿಂದಿನ ಸೀಟಿಗೆ ಹೋದ. ಹೊಳೆನರಸೀಪುರದಲ್ಲಿ ಬಸ್ಸು ಬದಲಿಸುವಾಗ ಅವನ ಫೋನು ಬಡಿದುಕೊಂಡಿತು. ಮನೆಯಿಂದ. ಅವನು ಎತ್ತಿ, “ಅಮ್ಮಾ, ಹಳೇಕೋಟೆಗೆ ಹೋಗ್ತಿದೀನಿ,” ಎಂದ. ಎಲ್ಲಿಗೆ ಎಂದು ಮುಚ್ಚಿಡಲಿಲ್ಲ ಎನ್ನುವುದನ್ನು ಕವನಾ ಗಮನಿಸಿದಳು.

ಬೈರಯ್ಯ ಹಸುವಿಗೆ ಹುಲ್ಲು ಹಾಕುತ್ತಿದ್ದ. ಅವ್ವ ಸಣ್ಣಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಕವನಾ ಮನೆಯಲ್ಲಿ ಅಷ್ಟಿಷ್ಟು ಹೇಳಿದ್ದರಿಂದ ಹುಡುಗ ಯಾರೆಂದು ಇಬ್ಬರಿಗೂ ಹೊಳೆಯಿತು.

“ನಿಮ್ಮಪ್ಪಾರು ಏನಂದ್ರಪ್ಪಾ?” ಎಂದ ಬೈರಯ್ಯ, ಮಾತು ಸುತ್ತಿಸದೆ.

“ಒಪ್ಪಲಿಲ್ಲ.”

“ಅಂಗಾರೆ ನಾಳೆ ನೀನೂ ಜಾರ್ಕಂಡ್ರೆ? ನನ್ ಮಗ್ಳು ಏನ್ ಮಾಡ್ಬೇಕು?”

ಆತ್ರೇಯ ಜಗಲಿಯ ಕೆಳಗೇ ನಿಂತಿದ್ದ. “ಇವತ್ತು ಮಧ್ಯಾಹ್ನ ಜಾರ್ಕೊಂಡೇ ಬಿಟ್ಟಿದ್ದೆ,” ಎಂದು ಮೆಸೇಜಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಹೇಳಬೇಕಾಗಿರಲಿಲ್ಲ, ಕವನಾ ಹೇಳು ಎಂದಿರಲಿಲ್ಲ. ಅಪ್ಪನ ಮುಖ ಗಟ್ಟಿಯಾಗುತ್ತಾ ಹೋಯಿತು.

“ಸುಳ್ಳಂತೂ ಯೋಳ್ನಿಲ್ಲ ಬುಡು,” ಎಂದಳು ಸಣ್ಣಕ್ಕ ಮೆಲ್ಲಗೆ.

ಬೈರಯ್ಯ ಕೈಗಂಟಿದ ಹುಲ್ಲು ಕೊಡವಿಕೊಂಡ. “ಇವತ್ತು ನಾನು ಊ ಅನ್ನಾಕಿಲ್ಲ ಕಣಪ್ಪಾ. ಬರೋ ಭಾನ್ವಾರ ಬಾ. ಅದ್ರ ಮುಂದಿನ್ ಭಾನ್ವಾರನೂ ಬಾ. ಊರೋರೆಲ್ಲ ನೋಡ್ಲಿ, ಬತ್ತಾ ಇರು. ಆಮ್ಯಾಕ್ ನೋಡಾನ.”

ಆತ್ರೇಯ ಬಂದ. ಮಳೆಯಿರಲಿ ಬಿಸಿಲಿರಲಿ, ಪ್ರತಿ ಭಾನುವಾರ ಹಗಲು ಹೊತ್ತಿನಲ್ಲೇ ಬಸ್ಸಿಳಿದು ಊರ ನಡುವೆ ನಡೆದು ಬಂದ. ಬೈರಯ್ಯ ಬರಬರುತ್ತಾ ಅವನ ಜೊತೆ ಗದ್ದೆಗೆ ಹೋಗತೊಡಗಿದ, ಒಂದು ದಿನ ತಾನಾಗಿಯೇ, “ಯಾವಾಗ್ ಇಟ್ಕಳಾನಾ?” ಎಂದ.

ಯುಗಾದಿ ಕಳೆದ ಮೇಲೆ ಹೊಳೆನರಸೀಪುರದಲ್ಲಿ ರಿಜಿಸ್ಟರ್ ಮದುವೆಯಾಯಿತು. ರುದ್ರಪಟ್ಟಣದಿಂದ ಆತ್ರೇಯನ ಅಮ್ಮ, ತಂಗಿ ಶ್ರೀಗೌರಿ ಬಂದರು. ಚೂಡಾಮಣಿಯವರು ಬರಲಿಲ್ಲ. ಸಹಿ ಹಾಕುವ ಮುಂಚೆ ಆತ್ರೇಯ ಹೊರಗೆ ಹೋಗಿ ಫೋನು ಮಾಡಿದ. ಆ ಕಡೆ ಎತ್ತಿದರು, ಆದರೆ ಮಾತಾಡಲಿಲ್ಲ. ಅವನು, “ಅಪ್ಪಾ, ಈಗ ಸಹಿ ಹಾಕ್ತಿದೀವಿ,” ಎಂದು ಹೇಳಿ ಒಳಗೆ ಬಂದ. ಅವನ ಕಣ್ಣು ಕೆಂಪಾಗಿತ್ತು. ಎಲ್ಲರ ಎದುರಿಗೇ ಕವನಾ ಅವನ ಕೈ ಹಿಡಿದುಕೊಂಡಳು.