ಯಾರಂದ್ರು

ಕತ್ತರಿ ಬಿಳಿಬಟ್ಟೆಯ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಹೊರಗೆ ಮಸೀದಿ ಕಮಿಟಿಯ ಅಧ್ಯಕ್ಷರ ಕೆಮ್ಮು ಕೇಳಿಸಿತು. ಮಗಳು ಕೈ ನಿಲ್ಲಿಸಲಿಲ್ಲ. ಬೀದಿಯವರ ಬಟ್ಟೆ ಹೊಲಿದು ಮನೆ ನಡೆಸಿದವಳು ಅವಳು. ತಂದೆಯ ಶವಕ್ಕೆ ಹೊದಿಸುವ ಕಫನಿಗೆ ಬೇರೆಯವರ ಕೈ ತಾಗಲು ಬಿಡುವವಳಲ್ಲ.

ಸೋದರತ್ತೆ ಕಿಟಕಿಯಲ್ಲಿ ಇಣುಕಿದಳು. "ಅಧ್ಯಕ್ಷರೇ ಬಂದಿದ್ದಾರೆ. ದೊಡ್ಡ ಮನಸ್ಸು."

"ಇಷ್ಟು ವರ್ಷ ಈ ಮನೆ ಕಡೆ ತಲೆ ಹಾಕಿ ಮಲಗಲಿಲ್ಲ. ಇವತ್ತು ಎಲ್ಲಿಂದ ಬಂತತ್ತೆ ದೊಡ್ಡ ಮನಸ್ಸು?"

"ಇವತ್ತಾದ್ರೂ ನಾಲಿಗೆ ಬಿಗಿ ಹಿಡಿ. ನಿನ್ನದೂ ನನ್ನಣ್ಣನ ಬುದ್ಧಿಯೇ."

ಅಣ್ಣನ ಬುದ್ಧಿ ಎಂಥದೆಂದು ಇಡೀ ಬೀದಿಗೆ ಗೊತ್ತಿತ್ತು. ಜನ ಅವರಿಗೆ ಇಟ್ಟ ಹೆಸರೇ 'ಯಾರಂದ್ರು ಉಸ್ತಾದ್'. ನಾಳೆ ನಲ್ಲಿಯಲ್ಲಿ ನೀರು ಬರೋದಿಲ್ಲವಂತೆ ಎಂದರೂ ಸರಿ, ಎದುರುಮನೆಯವರು ಮನೆ ಮಾರುತ್ತಾರಂತೆ ಎಂದರೂ ಸರಿ, ಅವರು ಕೇಳುತ್ತಿದ್ದದ್ದು ಒಂದೇ: ಯಾರಂದ್ರು? ಆ 'ಅಂತೆ' ಕಿವಿಗೆ ಬಿದ್ದರೆ ಅವರಿಗೆ ಮೈ ಉರಿಯುತ್ತಿತ್ತು.

* * *

ಒಂದು ಕಾಲಕ್ಕೆ ಅವರು ಮಸೀದಿಯ ಪಕ್ಕದ ಮದರಸಾದಲ್ಲಿ ಹದೀಸ್ ಕಲಿಸುತ್ತಿದ್ದರು. ಮಗಳು ಬಾಗಿಲ ಪರದೆಯ ಹಿಂದೆ ಕುಳಿತು ಕೇಳುತ್ತಿದ್ದಳು.

"ಪ್ರವಾದಿಯವರ ಮಾತು ನಮ್ಮ ತನಕ ಬಾಯಿಂದ ಬಾಯಿಗೆ ಬಂದದ್ದು," ಎನ್ನುತ್ತಿದ್ದರು. "ಯಾರು ಯಾರಿಗೆ ಹೇಳಿದ್ರು, ಆ ಹೆಸರುಗಳ ಸರಪಳಿ ಬೇಕು. ನಡುವೆ ಒಬ್ಬ ಸುಳ್ಳ ಇದ್ರೆ, ಮಾತು ಎಷ್ಟೇ ಚೆನ್ನಾಗಿರ್ಲಿ, ಬಿಟ್ಬಿಡ್ಬೇಕು."

"ಅವನು ಸುಳ್ಳ ಅಂತ ಹೇಗೆ ಗೊತ್ತಾಗುತ್ತೆ ಅಬ್ಬಾ?" ಪರದೆಯ ಹಿಂದಿನಿಂದಲೇ ಅವಳು ಕೇಳಿದ್ದಳು.

"ಯಾವಾಗ ಕೇಳಿದ್ದು ಅಂತ ಕೇಳಮ್ಮಾ. ಸುಳ್ಳ ಆದೋನು ಮಾತನ್ನ ಚೆನ್ನಾಗಿ ಕಟ್ಟಿರ್ತಾನೆ. ದಿನಾನ ಸರಿಯಾಗಿ ಕಟ್ಟಿರೋದಿಲ್ಲ."

ಅದೇ ವರ್ಷ ಅಧ್ಯಕ್ಷರು ಮಸೀದಿಯ ಹೊರಗೋಡೆಯ ಮೇಲೆ ದಪ್ಪ ಹಸಿರು ಅಕ್ಷರಗಳಲ್ಲಿ ಒಂದು ಸಾಲು ಬರೆಸಿದರು: ಹಿರಿಯರಿಗೆ ಎದುರಾಡಿದವನ ಪ್ರಾರ್ಥನೆ ಮೇಲೇರದು. ಪ್ರವಾದಿವಚನವೆಂದು ಎಲ್ಲರಿಗೂ ಹೇಳಿದರು. ಕಮಿಟಿಯ ಲೆಕ್ಕ ಕೇಳುವವರು ಆಗಷ್ಟೇ ಹೆಚ್ಚಾಗಿದ್ದರು, ಆ ಮಾತು ಬೇರೆ.

ಉಸ್ತಾದರು ಮಗಳ ಕೈ ಹಿಡಿದು ಗೋಡೆಯ ಮುಂದೆ ನಿಂತರು. "ಕೆಳಗೆ ನೋಡು. ಒಬ್ಬನ ಹೆಸರೂ ಇಲ್ಲ. ಯಾವ ಗ್ರಂಥದಲ್ಲೂ ಈ ಮಾತಿಲ್ಲ." ಅಧ್ಯಕ್ಷರ ಮುಂದೆಯೂ ಅದನ್ನೇ ಹೇಳಿದರು.

"ನಿಮಗೆ ಹದೀಸಿನ ಮೇಲೇ ನಂಬಿಕೆ ಇಲ್ವಾ ಉಸ್ತಾದರೇ?"

"ಪ್ರವಾದಿಯವರ ಮಾತು ಅಂದ್ರೆ ತಲೆ ಕೊಡ್ತೀನಿ. ತಲೆ ಕೊಡೋನು ಅದು ಅವರದ್ದೇನಾ ಅಂತ ಕೇಳ್ಬೇಡ್ವಾ?"

ಹೊರಗಿನ ವಿದ್ವಾಂಸರನ್ನು ಕರೆಸಿದರೆ ಅವರೂ ಇದನ್ನೇ ಹೇಳಿದರು. ವಿಧಿಯಿಲ್ಲದೆ ಗೋಡೆಗೆ ಸುಣ್ಣ ಬಳಿಸಬೇಕಾಯಿತು. ಅದರ ಬೆನ್ನಿಗೇ ಉಸ್ತಾದರ ಕೆಲಸವೂ ಹೋಯಿತು. ಹದೀಸನ್ನೇ ಒಪ್ಪದವನಂತೆ ಎಂದು ಬೀದಿ ಮಾತಾಡಿಕೊಂಡಿತು. ಆಯುಷ್ಯವನ್ನೆಲ್ಲ ಹದೀಸಿಗೇ ತೇಯ್ದ ಮನುಷ್ಯ ಉಳಿದ ದಿನಗಳನ್ನು ಹೊಲಿಗೆ ಯಂತ್ರ ರಿಪೇರಿ ಮಾಡಿ ಕಳೆದರು. ಯಾರಂದ್ರು ಎಂದು ಆಗ ಯಾರೂ ಕೇಳಲಿಲ್ಲ.

* * *

ಸ್ನಾನ ಮಾಡಿಸಿ, ಕಫನು ಹೊದಿಸಿ, ಶವವನ್ನು ಅಂಗಳಕ್ಕೆ ತಂದಾಗ ಜನ ಬೀದಿಯ ತನಕ ನಿಂತಿದ್ದರು. ಮಗಳು, ಸೋದರತ್ತೆ, ನೆರೆಯ ಹೆಂಗಸರು ಹೊಸಿಲ ಒಳಗಿದ್ದರು. ಅಧ್ಯಕ್ಷರು ಮುಂದೆ ಬಂದು ಗಂಟಲು ಸರಿಮಾಡಿಕೊಂಡರು.

"ನಮ್ಮಿಬ್ಬರ ನಡುವೆ ಒಂದು ಮಾತಿಗೆ ಮುನಿಸು ಬಂದದ್ದು ನಿಮಗೆಲ್ಲ ಗೊತ್ತು. ಕಳೆದ ವಾರ ನೋಡೋಕೆ ಬಂದಿದ್ದೆ. ಮನೇಲಿ ಬೇರೆ ಯಾರೂ ಇರ್ಲಿಲ್ಲ. ನನ್ನ ಕೈ ಹಿಡ್ಕೊಂಡು ಹೇಳಿದ್ರು, 'ನಾನೇ ತಪ್ಪಿದ್ದೆ. ಆ ಮಾತು ಪ್ರವಾದಿಯವರದ್ದೇ. ಗೋಡೆ ಮೇಲೆ ಮತ್ತೆ ಬರೆಸಿ' ಅಂತ."

ಮಗಳು ಹೊಸಿಲಿನ ಅಂಚಿಗೆ ಬಂದಳು. ಕೆಲಸ ಕಿತ್ತುಕೊಂಡಿದ್ದರು, ಹೆಸರು ಕೆಡಿಸಿದ್ದರು. ಉಳಿದಿದ್ದದ್ದು ಅವರ ಆ ಒಂದು 'ಇಲ್ಲ'. ಮಣ್ಣಿಗೆ ಹೋಗುವ ಮೊದಲು ಅದನ್ನೂ ಕೀಳುತ್ತಿದ್ದರು. ಕಳೆದ ವಾರ ಅವಳು ಔಷಧಿ ತರಲು ಹೋಗಿದ್ದುಂಟು. ಅಧ್ಯಕ್ಷರು ಬರಲೇ ಇಲ್ಲ ಎಂದು ಅವಳು ಹೇಳುವಂತಿರಲಿಲ್ಲ. ಕಾಣದ್ದನ್ನು ಹೇಳಬಾರದೆಂದು ಕಲಿಸಿದವರು ಎದುರಿಗೇ ಮಲಗಿದ್ದರು. ಆದರೆ ಕೇಳಬೇಕಾದದ್ದನ್ನೂ ಅವರೇ ಕಲಿಸಿದ್ದರು.

"ಕಳೆದ ವಾರ ಅಂದ್ರಾ ಅಧ್ಯಕ್ಷರೇ?"

"ಹೂಂ ಮಗಳೇ. ಕಳೆದ ವಾರ."

"ಬಾಯಿಬಿಟ್ಟು ಹೇಳಿದ್ರಾ?"

"ಈ ಕಿವಿಯಾರೆ ಕೇಳಿದ್ದೀನಿ."

"ಆಪರೇಷನ್‌ನಲ್ಲಿ ತಿಂಗಳ ಹಿಂದೇನೇ ಅಬ್ಬನ ಗಂಟಲಿನ ಧ್ವನಿಪೆಟ್ಟಿಗೇನೇ ತೆಗೆದುಬಿಟ್ಟಿದ್ರು. ಆಮೇಲೆ ಅವರ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ನೀರು ಬೇಕಾದ್ರೂ ಕೈ ಎತ್ತಿ ತೋರಿಸ್ತಿದ್ರು. ಒಂದು ಸಲ ಬಂದಿದ್ರೂ ನಿಮಗದು ಗೊತ್ತಿರ್ತಿತ್ತು."

ಅಧ್ಯಕ್ಷರ ಮುಖ ಬಿಳಿಚಿತು. ತಂದೆ ಬದುಕಿದ್ದರೆ ಈಗ ಬೆನ್ನು ತಟ್ಟುತ್ತಿದ್ದರು ಎಂದು ಅವಳಿಗೆ ಅನ್ನಿಸಿತು, ಅಳು ಒತ್ತರಿಸಿ ಬಂತು.

ಆಗಲೇ ಸೋದರತ್ತೆ ಎರಡೂ ಕೈ ಎದೆಗೊತ್ತಿಕೊಂಡಳು. ಅವಳ ಕಣ್ಣಲ್ಲಿ ಧಾರಾಕಾರ ನೀರು.

"ಹಾಗಾದ್ರೆ ಅಲ್ಲಾಹನೇ ಕೊನೇಗಳಿಗೇಲಿ ಮಾತು ಕೊಟ್ಟ ನನ್ನಣ್ಣನಿಗೆ. ಈ ಒಂದು ಮಾತು ಹೇಳೋಕೇ ಕೊಟ್ಟ."

ಅವಳ ಅಳುವಿನಲ್ಲಿ ಕಪಟವಿರಲಿಲ್ಲ. ಅಣ್ಣ ದಾರಿ ತಪ್ಪಿದ್ದಾನೆಂದು ವರ್ಷಗಟ್ಟಲೆ ಸಂಕಟಪಟ್ಟವಳು ಅವಳು. "ಸುಬ್‌ಹಾನಲ್ಲಾಹ್," ಎಂದರು ಯಾರೋ. ಬೀದಿಯ ಕೊನೆಯ ತನಕ ಅದೇ ದೇವಸ್ತುತಿಯ ಉದ್ಗಾರ ಹಬ್ಬಿತು.

ಅಧ್ಯಕ್ಷರು ಸಾವರಿಸಿಕೊಂಡು ತಲೆ ತಗ್ಗಿಸಿದರು. "ಹೇಳಿದ್ರೆ ನಂಬ್ತೀರೋ ಇಲ್ವೋ ಅಂತ ನಾನೇ ಸುಮ್ಮನಿದ್ದೆ."

"ಸುಳ್ಳು," ಎಂದಳು ಮಗಳು. ಅಷ್ಟರಲ್ಲಿ ಶವವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ನೂಕುನುಗ್ಗಲಾಗಿತ್ತು. ಬದುಕಿದ್ದಾಗ ಸಲಾಂ ಹೇಳದವರು ಹೆಗಲು ಕೊಡಲು ಜಗಳಾಡುತ್ತಿದ್ದರು.

* * *

ಮಣ್ಣು ಮುಗಿದು ಮಧ್ಯಾಹ್ನ ಇಳಿಯುತ್ತಿದ್ದಂತೆ ಅವಳು ಶವದ ಮೇಲೆ ಹಾಸಲು ಮಸೀದಿಯಿಂದ ತಂದಿದ್ದ ಹೊದಿಕೆಯನ್ನು ಮಡಿಸಿಕೊಂಡು ವಾಪಸು ಕೊಡಲು ಹೋದಳು. ಹೊರಗೋಡೆಗೆ ಏಣಿ ಒರಗಿತ್ತು. ಪೇಂಟರ್ ಹಸಿರು ಡಬ್ಬಿ ಕೈಗೆ ಸಿಕ್ಕಿಸಿಕೊಂಡು ಮೇಲೆ ನಿಂತಿದ್ದ. ಹಳೆಯ ಸಾಲು ಪೂರ್ತಿಯಾಗಿತ್ತು.

"ಯಾರಂದ್ರು?" ಎಂದಳು ಅವಳು.

ಅವನು ಕೆಳಗೆ ನೋಡಿದ. ಗುರುತು ಹಿಡಿದು ಕುಂಚವನ್ನು ಡಬ್ಬಿಯಲ್ಲಿಟ್ಟ, ದನಿ ತಗ್ಗಿಸಿದ. "ನಿಮ್ಮ ಅಬ್ಬನೇ ಅಂದ್ರಲ್ಲಮ್ಮಾ. ಮೂಗರಾಗಿದ್ದೋರು ಬಾಯಿಬಿಟ್ಟು ಅಂದ್ರಂತೆ."

ಅವನು ಎರಡು ಮೆಟ್ಟಿಲು ಇಳಿದ. ಸಾಲಿನ ಕೆಳಗೆ, ಇಷ್ಟು ವರ್ಷ ಖಾಲಿಯಿದ್ದ ಜಾಗದಲ್ಲಿ, ಕುಂಚವನ್ನು ಅದ್ದಿ ಅದ್ದಿ, ಅವಳ ತಂದೆಯ ಹೆಸರನ್ನು ಬರೆಯತೊಡಗಿದ.