ದೊರೆಯ ಅಪ್ಪನ ಕಡೆ

ಮಾವನ ಗಂಡುಹಂದಿ ‘ದೊರೆ’ ಎದ್ದು ನಿಂತರೆ ದೊಡ್ಡಿಯಲ್ಲಿ ಹೊತ್ತು ಮುಳುಗುತ್ತಿತ್ತು. ಅದು ಸೀನಿದರೆ ಪಕ್ಕದ ಬೀದಿಯವರು ಒಣಹಾಕಿದ ಬಟ್ಟೆ ಒಳಗೆ ತಂದುಕೊಳ್ಳುತ್ತಿದ್ದರು. ಅದರ ಅಪ್ಪಟ ತಳಿಯ ಬಗ್ಗೆ ಮಾವ ಕೊಚ್ಚಿಕೊಂಡ ಮಾತುಗಳನ್ನು ಪೇರಿಸಿದ್ದರೆ ಚಂದ್ರನ ಮೇಲೆ ಕಾಲಿಡಲು ರಾಕೆಟ್ಟೇ ಬೇಕಿರಲಿಲ್ಲ. ಅಂಥ ಮಾವ ಇವತ್ತು ಬೆಳಿಗ್ಗೆಯಿಂದ ತುಟಿ ಪಿಟಕ್ಕೆಂದಿರಲಿಲ್ಲ.

ಬಿಳಿ ಹೆಣ್ಣುಹಂದಿ ಈದ ಮರಿಗಳ ಬೆನ್ನ ಮೇಲೆಲ್ಲ ಪಟ್ಟೆಗಳಿದ್ದವು. ಪಟ್ಟೆ ಕಾಡುಹಂದಿ ಮರಿಗಳ ಲಕ್ಷಣ. ನಾಲ್ಕು ತಿಂಗಳ ಹಿಂದೆ ಗಾಳಿಗೆ ದೊಡ್ಡಿಯ ಬೇಲಿ ಉರುಳಿದ್ದು ಊರಿಗೇ ಗೊತ್ತಿತ್ತು. ಕಾಡಿನ ಹಂದಿಗಳಿಗೆ ಅಂಟುಜ್ವರ ತಗುಲಿತ್ತು. ಅವುಗಳ ಜೊತೆ ಕೂಡಿದ ಹಿಂಡನ್ನು ಒಂದೂ ಬಿಡದೆ ಕೊಲ್ಲಬೇಕೆಂಬುದು ಕಾನೂನು.

ಮರಿಗಳ ಅಪ್ಪ ಯಾರೆಂಬ ಪರೀಕ್ಷೆ ನಡೆದದ್ದು ಸೊಸೆ ಕೆಲಸ ಮಾಡುವ ಪ್ರಯೋಗಾಲಯದಲ್ಲೇ. ಸರ್ಕಾರಿ ಪಶುವೈದ್ಯ ಅವಳ ಹೆಗಲ ಹಿಂದೆ ಗೂಟದಂತೆ ನಿಂತಿದ್ದ. “ಮನೆಯವರೇ ಪರೀಕ್ಷೆ ಮಾಡ್ತಿದೀರಿ. ನಾನು ಕಣ್ಣು ಮಿಟುಕಿಸಲ್ಲ,” ಎಂದಿದ್ದ. ನಿಜಕ್ಕೂ ಮಿಟುಕಿಸಿರಲಿಲ್ಲ.

ಗಂಡುಮರಿಗೆ ವೈ ವರ್ಣತಂತು ಬರುವುದು ಅಪ್ಪನಿಂದ ಮಾತ್ರ, ಹೆಚ್ಚುಕಡಿಮೆ ಅಚ್ಚು ಹೊಡೆದ ಹಾಗೆ. ತಾಯಿಗೆ ಅದರಲ್ಲಿ ಪಾಲಿಲ್ಲ. ಪರದೆಯ ಮೇಲೆ ಮೂಡಿದ್ದು ಕಾಡುಹಂದಿಯ ಗುರುತು.

“ಅಪ್ಪ ಕಾಡಿನವನೇ. ಹಿಂಡು ಒಯ್ಯೋಕೆ ನಾಳೆ ವ್ಯಾನ್ ಬರುತ್ತೆ,” ಎಂದ ವೈದ್ಯ.

ಸೊಸೆ ಪರದೆ ಬಿಟ್ಟು ಏಳಲಿಲ್ಲ. “ಇಲ್ಲಿನ ಕಾಡಲ್ಲಿ ಹಿಡಿದ ಹಂದಿಗಳಿಗೂ ಈ ಮರಿಗೂ ಎರಡು ಕಡೆ ತಾಳೆ ಆಗ್ತಿಲ್ಲ. ಇದು ಬೇರೆ ಯಾವುದೋ ಕಾಡಿನ ಗುರುತು. ದೊರೆಯನ್ನೂ ನೋಡಬೇಕು.”

“ಅದು ಅಪ್ಪಟ ಅಂತ ನಿಮ್ಮ ಮಾವನೇ ಜಗತ್ತಿಗೆಲ್ಲ ಸಾರಿದಾರಲ್ಲ.”

ಎಲ್ಲರೂ ಎಡವಿದ್ದು ಅಲ್ಲೇ. ದೊರೆಗೆ ಅಪ್ಪಟವೆಂದು ಪತ್ರ ಕೊಟ್ಟ ತಳಿ ಸಂಘದವರು ಶುದ್ಧತೆ ನೋಡುತ್ತಿದ್ದುದು ತಾಯಿಯ ಕಡೆಯಿಂದ ಮಾತ್ರ. ಅಪ್ಪನ ಕಡೆಗೆ ಮಾವನ ಬಾಯಿಯೇ ಸಾಕ್ಷಿ.

ಪರೀಕ್ಷೆಗೆ ದೊರೆಯ ಕಿವಿಯ ಚೂರು ತರಲು ವೈದ್ಯನನ್ನು ಕರೆದುಕೊಂಡೇ ಅವಳು ದೊಡ್ಡಿಗೆ ಬಂದಳು. ಮಾವ ಬಾಗಿಲಿಗೆ ಅಡ್ಡ ನಿಂತ.

“ದೊರೆ ಕಿವಿಗೆ ಕತ್ತರಿನಾ? ಮೊದಲು ನನ್ನ ಕಿವಿ ತಗೊಂಡು ಹೋಗಿ.”

“ನಿಮ್ಮ ಕಿವಿಯಿಂದ ಏನೂ ಗೊತ್ತಾಗಲ್ಲ ಮಾವ. ಯಾರ ಮಾತೂ ಅದರೊಳಗೆ ಹೋಗಿಲ್ಲ.”

ವೈದ್ಯ ಕೆಮ್ಮಿದ. ಮಾವ ನಗಲಿಲ್ಲ. “ಅದು ಅಪ್ಪಟ ಅಲ್ಲ ಅಂತಾದ್ರೆ?”

“ಪಟ್ಟೆ ಮರಿಗಳು ಅದರವೇ. ಹಿಂಡು ಉಳಿಯುತ್ತೆ.”

“ಅಪ್ಪಟವೇ ಆಗಿದ್ರೆ?”

ಸೊಸೆ ಚೀಲದಿಂದ ಕತ್ತರಿ ತೆಗೆದಳು. ಗೋಡೆಯಾಚೆ ಇಡೀ ಹಿಂಡು ಗುಟುರು ಹಾಕುತ್ತಿತ್ತು. ಮಾವ ಅದನ್ನು ಕೇಳುತ್ತ ನಿಂತ. ಆಮೇಲೆ ತಾನೇ ಒಳಗೆ ಹೋಗಿ ದೊರೆಯ ಕುತ್ತಿಗೆಗೆ ತೆಕ್ಕೆ ಹಾಕಿದ. ಕತ್ತರಿ ತಾಗಿದ್ದೇ ದೊರೆ ಕಿರುಚಿದ ರಭಸಕ್ಕೆ ಹೆಂಚುಗಳು ಜಾಗ ಬದಲಾಯಿಸಿದವು, ವೈದ್ಯ ಬೇಲಿಯ ಮೇಲಿದ್ದ, ಮಾವ ಮಾತ್ರ ಕೈ ಸಡಿಲಿಸಲಿಲ್ಲ.

ಮರುದಿನ ಪ್ರಯೋಗಾಲಯದಲ್ಲಿ ಮೂವರೂ ಪರದೆಯ ಮುಂದೆ ನಿಂತಿದ್ದರು. ಹೊರಗೆ ವ್ಯಾನಿನ ಎಂಜಿನ್ ಗುರುಗುಡುತ್ತಿತ್ತು. ಮಾವನ ಎದೆಬಡಿತ ಅದಕ್ಕಿಂತ ಜೋರಾಗಿ ಕೇಳುತ್ತಿತ್ತೆಂದು ಸೊಸೆ ಇಂದಿಗೂ ವಾದಿಸುತ್ತಾಳೆ. ಜೀವಮಾನವೆಲ್ಲ ಶುದ್ಧ ಶುದ್ಧ ಎಂದವನು ಈಗ ಬೆರಕೆಯಾಗಲೆಂದು ಹಲ್ಲು ಕಚ್ಚಿ ಕಾಯುತ್ತಿದ್ದ.

ದೊರೆಯ ಸಾಲು ಮೂಡಿತು. ಮರಿಯ ಸಾಲಿನ ಕೆಳಗೆ ಅದನ್ನಿಟ್ಟು ಅವಳು ಒಂದೊಂದೇ ಗುರುತಿಗೆ ಬೆರಳಿಟ್ಟಳು. ಕೊನೆಯದರವರೆಗೂ ತಾಳೆಯಾಯಿತು.

ವೈದ್ಯ ಕಿಟಕಿಯಿಂದ ಕೈಯಾಡಿಸಿ ಎಂಜಿನ್ ನಿಲ್ಲಿಸುವಂತೆ ಹೇಳಿದ. “ಹಿಂಡು ಉಳೀತು. ಆದರೆ ಸಂಘದವರು ದೊರೆಯನ್ನ ಹೊರಗೆ ಹಾಕ್ತಾರೆ.”

“ಅಂದ್ರೆ ಬೆರಕೆ,” ಎಂದ ಮಾವ.

“ಅದರ ಮುತ್ತಾತನೋ ಅವನಪ್ಪನೋ ಎಲ್ಲಿಯದೋ ಕಾಡಿನವನು ಮಾವ.”

ಮಾವ ಕುರ್ಚಿಯ ಮೇಲೆ ಕುಸಿದ. ಮುಖ ತಿರುಗಿಸಿ ಎರಡೂ ಅಂಗೈಗಳಿಂದ ಕಣ್ಣೊರೆಸಿಕೊಂಡ. ಕೊನೆಗೆ ಗಂಟಲು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ ಕೇಳಿದ:

“ಅಲ್ಲಮ್ಮ, ಆ ಮುತ್ತಾತ... ದೊಡ್ಡ ಕಾಡಿನವನೇ ಇರಬೇಕಲ್ವಾ?”