ಪುಣೆಯವರ ಲೈನು

ಕಾಫಿ ತೋಟದ ಕೂಲಿಯವರ ಲೈನು ಮನೆಗಳ ಹಿಂದೆ ಎಲ್ಲರಿಗೂ ಸೇರಿ ಒಂದೇ ಕಕ್ಕಸು. ಅದಕ್ಕೆ ಬಾಗಿಲಿರಲಿಲ್ಲ. ಹೆಂಗಸರು ಜೋಡಿಯಾಗಿ ಹೋಗುತ್ತಿದ್ದರು. ಒಬ್ಬಳು ಒಳಗೆ, ಇನ್ನೊಬ್ಬಳು ಹೊರಗೆ ಸೆರಗು ಹರವಿಕೊಂಡು. ರಾಮಮ್ಮ ಮದುವೆಯಾಗಿ ಈ ಲೈನಿಗೆ ಬಂದಾಗಲೂ ಹಾಗೇ ಇತ್ತು, ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೂ ಹಾಗೇ ಇತ್ತು. ಹೆಂಚು ಒಡೆದ ಕಡೆ ನೀಲಿ ಟಾರ್ಪಾಲು, ಟಾರ್ಪಾಲಿನ ಮೇಲೆ ಕಲ್ಲು. ಗಾಳಿ ಜೋರಾದರೆ ಮೊದಲು ಕಲ್ಲು ಬೀಳುತ್ತಿತ್ತು, ಆಮೇಲೆ ನೀರು.

ಕೊಟ್ಟಿಗೆಹಾರದ ಹತ್ತಿರದ ಈ ತೋಟದ ಸಾಹುಕಾರರು ಹರ್ಷವರ್ಧನ. ಬಾಗಿಲು ಹಾಕಿಸಿಕೊಡಿ ಎಂದು ಕೇಳಿದಾಗಲೆಲ್ಲ ಅವರದು ಒಂದೇ ಮಾತು: "ಬಾಡಿಗೆ ಇಲ್ದೆ ಇರೋ ಮನೆಗೆ ಇಷ್ಟೆಲ್ಲ ಬೇಕಾ?"

ಬಾಡಿಗೆ ಇರಲಿಲ್ಲ, ನಿಜ. ತೋಟದಲ್ಲಿ ದುಡಿಯುವವರಿಗೆ ಲೈನಿನಲ್ಲಿ ಮನೆ ಎನ್ನುವುದು ಅಜ್ಜಂದಿರ ಕಾಲದಿಂದ ಬಂದ ವಾಡಿಕೆ. ಅದರ ಬದಲಿಗೆ ಇವರು ಬೇರೆ ತೋಟದ ಕಡೆ ತಲೆ ಹಾಕುವಂತಿರಲಿಲ್ಲ. ಪಕ್ಕದ ತೋಟದವರು ಎಷ್ಟೇ ಹೆಚ್ಚು ಕೂಲಿ ಕೊಡಲಿ, ಇವರು ಸಾಹುಕಾರರು ಕೊಟ್ಟಷ್ಟಕ್ಕೇ ಕೊಯ್ಯಬೇಕು. ಬಾಡಿಗೆ ಇಲ್ಲದ ಮನೆಗೆ ಅದೇ ಬಾಡಿಗೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಆ ವರ್ಷ ಮಳೆ ನಿಂತ ಕೂಡಲೇ ಲೈನಿನ ಮುಂಭಾಗಕ್ಕೆ ಹಳದಿ ಬಣ್ಣ ಬಂತು. ಮುಂಭಾಗಕ್ಕೆ ಮಾತ್ರ. ಬಂಗಲೆಯಿಂದ ಹೂವಿನ ಕುಂಡಗಳೂ ಬಂದವು. ಅವುಗಳ ಹಿಂದೆಯೇ ತೋಟದ ಲೆಕ್ಕ ಬರೆಯುವ ರೈಟರ್ ರಾಜೇಶ್ ಬಂದ.

"ರಾಮಮ್ಮಾ, ಸಾವ್ಕಾರ್ರಿಗೆ ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು."

ಸಾಹುಕಾರರಿಗೆ ತನ್ನಿಂದ ಉಪಕಾರ! ರಾಮಮ್ಮ ಕೈ ಒರೆಸಿಕೊಂಡು ಎದ್ದು ನಿಂತಳು.

"ಪುಣೆಯವರೊಬ್ರು ಫೋನಲ್ಲಿ ಲೈನು ನೋಡ್ತಾರೆ. ಇಲ್ಲಿ ಆರಾಮಿದೀರಾ, ಬಾಡಿಗೆ ಸರಿಯಾಗಿ ಕೊಡ್ತೀರಾ ಅಂತ ಕೇಳ್ತಾರೆ. 'ಹಾ ಜೀ' ಅಂದ್ರೆ ಮುಗೀತು."

"ನಾವೆಲ್ಲಿ ಬಾಡಿಗೆ ಕೊಡ್ತೀವಿ ಸಾರ್?"

"ಅದು ಸುಮ್ನೆ ಮಾತಿಗೆ ಮಾರಾಯ್ತಿ."

ಪಕ್ಕದ ಮನೆಯ ರುದ್ರಾಣಿ ಬಾಗಿಲಿಂದಲೇ ಕೂಗಿದಳು. "ಹಂಗಾದ್ರೆ ಕಕ್ಕಸಿಗೆ ಬಾಗಿಲು ಹಾಕಿಸ್ತಾರಾ ಕೇಳು!"

ರಾಜೇಶ್ ನಕ್ಕ. "ಆ ಕಡೆ ಫೋನ್ ತಿರುಗ್ಸಲ್ಲ, ಹೆದರ್ಬೇಡ."

ಫೋನಿನ ಪರದೆಯಲ್ಲಿ ಪುಣೆಯವರು ತಮ್ಮ ಕಾರಿನಲ್ಲಿ ಕುಳಿತು ಏನೋ ಮೆಲ್ಲುತ್ತಿದ್ದರು. ಹಳದಿ ಗೋಡೆ ನೋಡಿದರು, ಕುಂಡ ನೋಡಿದರು, ರಾಮಮ್ಮನ ಮದುವೆಮನೆ ಸೀರೆ ನೋಡಿದರು. ಹಿಂದಿಯಲ್ಲಿ ಏನೋ ಕೇಳಿದರು. ರಾಮಮ್ಮ "ಹಾ ಜೀ" ಅಂದಳು. ಅವಳು ಅಂದಳೆಂದು ರುದ್ರಾಣಿಯೂ ಅಂದಳು, ಆಮೇಲೆ ಇಡೀ ಲೈನು. ಪುಣೆಯವರು ಬಾಯಲ್ಲಿದ್ದುದನ್ನು ನುಂಗುವ ಹೊತ್ತಿಗೆ ಲೈನು ಮನೆಗಳನ್ನೆಲ್ಲ ನೋಡಿ ಮುಗಿಸಿದ್ದರು.

ಮುಂದಿನ ತಿಂಗಳ ಮೊದಲ ಶನಿವಾರ ಬಟವಾಡೆಯ ಮೇಜಿನ ಮುಂದೆ ರಾಮಮ್ಮನ ಕೈಗೆ ಬಂದ ಕೂಲಿ ತೀರ ಹಗುರವಾಗಿತ್ತು.

"ಇದೆಂತ ಸಾರ್?"

"ಬಾಡಿಗೆ ಹಿಡ್ಕೊಂಡಿದೆ. ಲೈನು ಈಗ ಪುಣೆಯವರದ್ದು. ಅವ್ರ ಊರಲ್ಲಿ ಮನೆ ತಗೊಂಡ್ರೆ ಬರೋ ಬಾಡಿಗೆ ಬ್ಯಾಂಕಿನ ಕಂತಿಗೂ ಸಾಲಲ್ವಂತೆ. ಬೇರೆ ರಾಜ್ಯದಲ್ಲಿ ಅಗ್ಗಕ್ಕೆ ಹಿಡಿದು ಬಾಡಿಗೆಗೆ ಬಿಟ್ರೆ ತಿಂಗಳು ತಿಂಗಳು ಕೈಗೆ ಬರುತ್ತಂತೆ. ಕ್ಯಾಶ್ ಫ್ಲೋ ಅಂತಾರೆ."

"ಹಂಗಂದ್ರೆ?"

"ದುಡ್ಡು ಹರಿದು ಬರೋದು."

"ಎಲ್ಲಿಂದ ಹರಿಯುತ್ತೆ?"

ರಾಜೇಶ್ ಮುಂದಿನವರ ಹೆಸರು ಕೂಗಿದ.

ಸಾಹುಕಾರರು ಜಗಲಿಯ ಮೇಲಿದ್ದರು. ರಾಮಮ್ಮ ಅಲ್ಲಿಗೇ ಹೋದಳು. ಅವರು ಸಿಟ್ಟಾಗಲಿಲ್ಲ. ಮಗುವಿಗೆ ಹೇಳುವಂತೆ ಹೇಳಿದರು: "ನೋಡು, ಬಾಡಿಗೆ ಕೊಡ್ತೀನಿ ಅಂತ ನಿನ್ನ ಬಾಯಲ್ಲೇ ಹೇಳಿದ್ದೀಯ. ಅವ್ರ ಫೋನಲ್ಲಿ ಅದು ರೆಕಾರ್ಡ್ ಆಗಿ ಹಾಗೇ ಇದೆ. ಈಗ ಇಲ್ಲ ಅಂದ್ರೆ ಮನೆ ಖಾಲಿ ಮಾಡ್ಬೇಕಾಗುತ್ತೆ. ಸುಳ್ಳು ಹೇಳಿದ್ದು ನಾನಾ, ನೀನಾ?"

ಆ ಮಾತು ರಾಮಮ್ಮನ ಎದೆಯಲ್ಲಿ ಮುಳ್ಳಿನಂತೆ ನಿಂತಿತು. ಹೇಳಿದ್ದು ತಾನೇ ಅಲ್ಲವೇ? ತಾನು ಬಾಯಿ ಬಿಡದಿದ್ದರೆ ಲೈನಿನವರೂ ಬಿಡುತ್ತಿರಲಿಲ್ಲವೇನೋ. ಗಂಡ ಗುರುವಯ್ಯನೂ ಅದನ್ನೇ ಅಂದ, "ನಿಂಗೆಂತಕ್ಕೆ ಬೇಕಿತ್ತು ಆ ಹಾ ಜೀ?" ಅವಳಿಗೆ ಅನ್ನ ಸೇರಲಿಲ್ಲ. ಮಾರಿದ ಸಾಹುಕಾರರು ಉಂಡರು, ಕೊಂಡ ಪುಣೆಯವರೂ ಉಂಡಿರಬೇಕು.

ಪುಣೆಯವರ ಮೆಸೇಜುಗಳು ನೇರವಾಗಿ ಅವಳ ಫೋನಿಗೇ ಬರತೊಡಗಿದವು. ಅವಳಿಗೆ ಓದಲು ಬಾರದು. ಕೊಟ್ಟಿಗೆಹಾರದಲ್ಲಿ ಬಾಡಿಗೆ ಜೀಪು ಓಡಿಸುವ ಜಾಹಿದ್ ಓದಿ ಹೇಳಿದ: "ರಾಮಮ್ಮಕ್ಕ, ನಿಮ್ಮನ್ನ 'ಪ್ರಿಯ ಬಾಡಿಗೆದಾರರೇ' ಅಂದಿದ್ದಾರೆ. ಗೋಡೆಗೆ ಮೊಳೆ ಹೊಡೀಬಾರ್ದಂತೆ."

"ಹೊಡೆದ್ರೆ ಗೋಡೆ ನಿಲ್ಲಬೇಕಲ್ಲ!" ರುದ್ರಾಣಿ ಬಿದ್ದು ಬಿದ್ದು ನಕ್ಕಳು.

ರಾಮಮ್ಮ ನಗಲಿಲ್ಲ. "ಜಾಹಿದ್, ನೀನೂ ಬಾಡಿಗೆ ಮನೇಲೇ ಇರೋದಲ್ವಾ? ಮನೆ ಮಾಲೀಕರು ಇಂಥ ಕಡೆನೇ ಕೆಲಸಕ್ಕೆ ಹೋಗು ಅಂತಾರಾ?"

"ಅವರ್ಯಾರು ಹೇಳೋಕೆ? ಬಾಡಿಗೆ ಕೊಡ್ತೀನಿ, ಮುಗೀತು."

ತಾನು ಯೋಚಿಸುತ್ತಿರುವುದು ಸರಿಯೋ ತಪ್ಪೋ ರಾಮಮ್ಮನಿಗೇ ಗೊತ್ತಾಗಲಿಲ್ಲ. ಒಮ್ಮೆ ತನ್ನ ಮಾತು ನಂಬಿ ಲೈನು ಕೆಟ್ಟಿದೆ. ಆದರೂ ಕೇಳಿದಳು, "ನಾಳೆ ಪಕ್ಕದ ತೋಟಕ್ಕೆ ಜೀಪು ಹೋಗುತ್ತಾ?"

ಅರೇಬಿಕಾ ಕಾಫಿ ಗಿಡಗಳಲ್ಲಿ ಹಣ್ಣು ಕೆಂಪಗೆ ತೂಗುತ್ತಿದ್ದ ದಿನಗಳು ಅವು. ಬೆಳಗ್ಗೆ ಹಾಜರಿಗೆ ಲೈನಿನಿಂದ ಒಬ್ಬರೂ ಬರಲಿಲ್ಲ. ಸಾಹುಕಾರರು ಬೂಟು ಹಾಕಿಕೊಳ್ಳುತ್ತಲೇ ಓಡಿಬಂದರು. ಜಾಹಿದನ ಜೀಪಿನೊಳಗೆ ಹೆಂಗಸರು ಮಂಕರಿ ಹಿಡಿದು ಕುಳಿತಾಗಿತ್ತು.

"ಏನಿದು? ನನ್ನ ಲೈನಲ್ಲಿ ಇದ್ಕೊಂಡು ಬೇರೆ ತೋಟಕ್ಕೆ ಹೋಗ್ತೀರಾ?"

"ನಿಮ್ಮ ಲೈನು ಅಲ್ವಲ್ಲ, ಪುಣೆಯವರದ್ದು" ಎಂದಳು ರಾಮಮ್ಮ. "ನಾವು ಬಾಡಿಗೆಯವ್ರು."

"ನಾಳೇನೇ ಖಾಲಿ ಮಾಡಿಸ್ತೀನಿ!"

"ಪುಣೆಯವರು ಮಾಡಿಸ್ಲಿ. ಅವ್ರಿಗೆ ಫೋನ್ ಮಾಡಿ, ಇವ್ರು ಬಾಡಿಗೆಯವ್ರಲ್ಲ, ನನ್ನ ಕೂಲಿಯವ್ರು ಅಂತ ನೀವೇ ಹೇಳಿ."

ಸಾಹುಕಾರರ ಕೈ ಜೇಬಿಗೆ ಹೋಯಿತು. ಸುಳ್ಳು ಮಾರಿ ತಿಂದವರಿಗೆ ಅದನ್ನು ಸುಳ್ಳೆನ್ನಲು ಬಾಯಿ ಎಲ್ಲಿಂದ ಬರಬೇಕು? ಫೋನು ಜೇಬಿನಲ್ಲೇ ಉಳಿಯಿತು. ಕೊನೆಗೆ ಅವರು ಮೆತ್ತಗಾದರು. "ಹಣ್ಣೆಲ್ಲ ಉದುರಿ ಹೋಗುತ್ತೆ ರಾಮಮ್ಮಾ..."

ಈವರೆಗೆ ಅವರು ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. ಈಗ ಕರೆದದ್ದೂ ಹಣ್ಣಿಗಾಗಿ.

"ನೀವು ಫೋನ್ ಮಾಡಲ್ಲ ಅಂದ್ರೆ ನಾನೇ ಮಾಡ್ತೀನಿ" ಎಂದು ರಾಮಮ್ಮ ಜೀಪಿನಿಂದ ಇಳಿದಳು. ಜಾಹಿದನಿಂದ ಪುಣೆಗೆ ವಿಡಿಯೋ ಕಾಲ್ ಮಾಡಿಸಿದಳು. ಫೋನು ಹಿಡಿದುಕೊಂಡು ಲೈನಿನ ಹಿಂದಕ್ಕೆ ನಡೆದಳು. ಬಣ್ಣ ಕಾಣದ ಗೋಡೆ ತೋರಿಸಿದಳು, ಟಾರ್ಪಾಲು ತೋರಿಸಿದಳು, ಬಾಗಿಲಿಲ್ಲದ ಕಕ್ಕಸಿನ ಮುಂದೆ ಫೋನನ್ನು ತುಂಬ ಹೊತ್ತು ಹಿಡಿದಳು. ಜೀಪಿನ ಹತ್ತಿರಕ್ಕೆ ವಾಪಸ್ಸು ಬಂದು, ತಾನು ಹಿಂದೆ ಹೇಳಿದ್ದು ಸುಳ್ಳು, ಹೇಳಿಸಿದವರು ಇಲ್ಲೇ ನಿಂತಿದ್ದಾರೆ ಎಂದಳು. ಜಾಹಿದ್ ಎಲ್ಲವನ್ನೂ ಹಿಂದಿಯಲ್ಲಿ ಹೇಳಿದ. ಆ ಕಡೆಯಿಂದ ಏನೋ ಮಾತು ಬಂತು.

"ಬಾಗಿಲಿಗೆ ಎಂತ ಅಂದ್ರು?"

ಜಾಹಿದನ ಮುಖ ಸಣ್ಣದಾಯಿತು. "ಬಾಗಿಲ ಬಗ್ಗೆ ಎಂತದೂ ಅನ್ಲಿಲ್ಲ ಅಕ್ಕ. ಅದೆಲ್ಲ ಆಮೇಲೆ ನೋಡೋಣ, ಒಂದನೇ ತಾರೀಕು ಬಾಡಿಗೆ ಬರುತ್ತೆ ತಾನೆ ಅಂತ ಕೇಳ್ತಿದ್ದಾರೆ."

ರಾಮಮ್ಮ ಫೋನಿನೊಳಗಿನ ಆ ನುಣ್ಣನೆಯ ಮುಖವನ್ನು ನೋಡಿದಳು. ಪಕ್ಕದಲ್ಲಿ ಕೈ ಕಟ್ಟಿ ನಿಂತ ಸಾಹುಕಾರರ ಮುಖವನ್ನೂ ನೋಡಿದಳು.

"ಬರಲ್ಲ ಅಂತ ಹೇಳು."

ಜಾಹಿದ್ ಹೇಳಿದ. ರುದ್ರಾಣಿ ಜೀಪಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು:

"ನಮ್ಮನೇದೂ ಬರಲ್ಲ ಅಂತ ಹೇಳೋ ಮಾರಾಯ!"

"ನಮ್ಮನೇದೂ!"

"ನಮ್ಮನೇದೂ ಹೇಳು!"

ಜಾಹಿದ್ ಒಬ್ಬೊಬ್ಬರದೇ ಹೆಸರು ಹಿಡಿದು ಹಿಂದಿಯಲ್ಲಿ ಹೇಳುತ್ತಲೇ ಹೋದ.